ಗಿರಿಯ ನಾಡಿನಿಂದ ಹೇಮಕುಂಡಕ್ಕೆ: ಹಿಮನದಿ ಕೊರೆದ ಸರೋವರದ ಚಾರಣಕ್ಕೆ ತಯಾರಿ, ದಾರಿ, ಎಚ್ಚರಿಕೆ

ಚಿಕ್ಕಮಗಳೂರು, ಹಾಸನದ ಕಡೆಯವರಿಗೆ ಬೆಟ್ಟ ಹೊಸದಲ್ಲ. ದೀಪಾವಳಿಗೆ ದೇವೀರಮ್ಮನ ಬೆಟ್ಟ, ರಜೆ ಸಿಕ್ಕರೆ ಮುಳ್ಳಯ್ಯನಗಿರಿ, ಎತ್ತಿನಭುಜ, ಬಲ್ಲಾಳರಾಯನ ದುರ್ಗ ಎಂದು ಹತ್ತಿಳಿದವರ ಕಾಲು ಗಟ್ಟಿಯಾಗಿಯೇ ಇರುತ್ತದೆ. ಆ ಧೈರ್ಯದಲ್ಲೇ ಹಿಮಾಲಯಕ್ಕೆ ಹೋಗಿ, ಎರಡನೇ ದಿನವೇ ತಲೆನೋವು, ವಾಕರಿಕೆ ಎಂದು ಕೋಣೆಯಲ್ಲಿ ಮಲಗಿಬಿಡುವವರು ಬಹಳ. ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಹೇಮಕುಂಡಕ್ಕೆ ಹೋಗುವವರು ರಾತ್ರಿ ತಂಗುವ ಘಾಂಘರಿಯಾ ಊರೇ ಸುಮಾರು 3,050 ಮೀಟರಿನಲ್ಲಿದೆ. ಸರೋವರ ಇರುವುದು ಸುಮಾರು 4,300 ಮೀಟರಿನಲ್ಲಿ. ಅಂದರೆ ನಮ್ಮ ಗಿರಿಯ ತುದಿಗಿಂತ ಒಂದು ಕಿಲೋಮೀಟರಿಗೂ ಹೆಚ್ಚು ಮೇಲೆ ಹೋದ ಮೇಲೆ ಅಲ್ಲಿಯ ನಿಜವಾದ ಹತ್ತುವಿಕೆ ಶುರು. ಇಲ್ಲಿನ ಬೆಟ್ಟಗಳು ಕಾಲನ್ನು ಪಳಗಿಸುತ್ತವೆ, ಎತ್ತರಕ್ಕೆ ಮೈಯನ್ನು ಒಗ್ಗಿಸಲಾರವು. ಒಗ್ಗುವುದಕ್ಕೆ ಅಲ್ಲೇ ಒಂದೆರಡು ದಿನ ಕಳೆಯಬೇಕು. ಕೆಳಗಿನ ಸಲಹೆಗಳಲ್ಲಿ ಹೆಚ್ಚಿನವು ಈ ಮಾತಿಗೇ ಬಂದು ಸೇರುತ್ತವೆ.

ಏಕೆ ಹೇಮಕುಂಡ

ಉತ್ತರಾಖಂಡದ ಚಮೋಲಿ ಜಿಲ್ಲೆಯ ಈ ಸರೋವರ ಸಿಖ್ಖರಿಗೆ ಪವಿತ್ರ ಯಾತ್ರಾಸ್ಥಳ. ಗುರು ಗೋವಿಂದ ಸಿಂಗರು ಹಿಂದಿನ ಜನ್ಮದಲ್ಲಿ ಇಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆಯಿದೆ. ದಡದಲ್ಲಿ ಗುರುದ್ವಾರವಿದೆ, ಪಕ್ಕದಲ್ಲೇ ಲಕ್ಷ್ಮಣನ ಗುಡಿಯೂ ಇದೆ. ಯಾತ್ರೆಯ ದಾರಿಯಾದ್ದರಿಂದ ಕೆಳಗಿನಿಂದ ಮೇಲಿನವರೆಗೆ ಕಲ್ಲು ಹಾಸಿದ ಹಾದಿ ಇದೆ, ನಡುನಡುವೆ ಚಹಾದ ಅಂಗಡಿಗಳಿವೆ. ಟೆಂಟ್ ಹೊರಬೇಕಿಲ್ಲ, ಅಡುಗೆ ಸಾಮಾನು ಬೇಕಿಲ್ಲ, ದಾರಿ ತಪ್ಪುವ ಭಯವಿಲ್ಲ. ಬೆಳಿಗ್ಗೆ ಹತ್ತಿ ಸಂಜೆಗೆ 3,050 ಮೀಟರಿಗೆ ಇಳಿದು ಮಲಗಬಹುದು. ಹಿಮಾಲಯದ ಮೊದಲ ಚಾರಣಕ್ಕೆ ಇದಕ್ಕಿಂತ ಒಳ್ಳೆಯ ಹಿಮಸರೋವರ ನಮಗೆ ಕಾಣುವುದಿಲ್ಲ.

ಹಾಗೆಂದು ಸುಲಭವಲ್ಲ. ಘಾಂಘರಿಯಾದಿಂದ ಸರೋವರಕ್ಕೆ 6 ಕಿ.ಮೀ. ಮಾತ್ರ, ಆದರೆ ಆ 6 ಕಿ.ಮೀ.ನಲ್ಲಿ 1,200 ಮೀಟರಿಗೂ ಹೆಚ್ಚು ಏರಬೇಕು. ಶ್ರವಣಬೆಳಗೊಳದ ದೊಡ್ಡಬೆಟ್ಟ ನೆಲದಿಂದ ಸುಮಾರು 143 ಮೀಟರ್. ಅದನ್ನು ಒಂದೇ ಬೆಳಿಗ್ಗೆ ಎಂಟು ಸಲಕ್ಕೂ ಮೀರಿ ಹತ್ತಿದಷ್ಟು ಏರು ಇದು, ಅದೂ ತೆಳುವಾದ ಗಾಳಿಯಲ್ಲಿ. ಗಾಳಿಯ ಒತ್ತಡವನ್ನು ಸಮುದ್ರಮಟ್ಟಕ್ಕೆ ಹೋಲಿಸಿದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಸುಮಾರು ಶೇ 80ರಷ್ಟಿರುತ್ತದೆ, ಘಾಂಘರಿಯಾದಲ್ಲಿ ಶೇ 70ರ ಆಸುಪಾಸು, ಹೇಮಕುಂಡದಲ್ಲಿ ಶೇ 60ರ ಹತ್ತಿರ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅದೇ ಲೆಕ್ಕದಲ್ಲಿ ಇಳಿಯುತ್ತದೆ.

ಯಾವಾಗ ಹೋಗುವುದು

ದಾರಿ ತೆರೆದಿರುವುದು ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್ ಮೊದಲಿನಿಂದ ಅಕ್ಟೋಬರ್ ಎರಡನೇ ವಾರದವರೆಗೆ. ಉಳಿದ ತಿಂಗಳು ಹಿಮ. ಜೂನ್‌ನಲ್ಲಿ ಹೋದರೆ ಸರೋವರ ಅರ್ಧ ಹೆಪ್ಪುಗಟ್ಟಿರುತ್ತದೆ, ದಾರಿಯಲ್ಲಿ ಹಿಮದ ಗೋಡೆ ಕಡಿದು ಮಾಡಿದ ಓಣಿಗಳಲ್ಲಿ ನಡೆಯಬೇಕು. ಹಿಮದ ಮೇಲೆ ನಡೆದು ಗೊತ್ತಿಲ್ಲದವರು ಅಲ್ಲಿ ಜಾರುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಹೂವು ತುಂಬಿರುತ್ತದೆ, ಮಳೆಯೂ ತುಂಬಿರುತ್ತದೆ. ಕಾಲುದಾರಿಗಿಂತ ಹೃಷಿಕೇಶದಿಂದ ಮೇಲಕ್ಕೆ ಹೋಗುವ ರಸ್ತೆಯಲ್ಲಿ ಗುಡ್ಡ ಕುಸಿದು ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳುವುದೇ ಆಗ ದೊಡ್ಡ ತೊಂದರೆ.

ನಮ್ಮ ಆಯ್ಕೆ ಸೆಪ್ಟೆಂಬರ್‌ನ ಎರಡನೇ ಮತ್ತು ಮೂರನೇ ವಾರ. ಮಳೆ ಹಿಂದೆ ಸರಿಯುತ್ತಿರುತ್ತದೆ, ಸರೋವರದಲ್ಲಿ ಮಂಜುಗಡ್ಡೆ ಇರುವುದಿಲ್ಲ, ಮೇಲಿನ ಇಳಿಜಾರುಗಳಲ್ಲಿ ಬ್ರಹ್ಮಕಮಲ ಇನ್ನೂ ಉಳಿದಿರುತ್ತದೆ. ತೋಟದವರಿಗೂ ಇದು ಅನುಕೂಲದ ಕಾಲ: ಅರೇಬಿಕಾ ಕುಯಿಲು ಶುರುವಾಗಲು ಇನ್ನೂ ಸಮಯ ಇರುತ್ತದೆ, ಹತ್ತು ಹನ್ನೆರಡು ದಿನ ಊರು ಬಿಟ್ಟರೆ ಕೆಲಸ ಕೆಡುವುದಿಲ್ಲ.

ಊರಿನಲ್ಲೇ ಮಾಡಬೇಕಾದ ತಯಾರಿ

ಸೆಪ್ಟೆಂಬರ್ ನಡುವಿಗೆ ಹೊರಡುವವರು ಜುಲೈ ಮೊದಲ ವಾರದಲ್ಲೇ ಶುರು ಮಾಡಬೇಕು. ಹತ್ತು ವಾರ ಬೇಕೇ ಬೇಕು. ಎರಡು ವಾರದಲ್ಲಿ ಜಿಮ್‌ಗೆ ಹೋಗಿ ಮುಗಿಸುತ್ತೇನೆ ಎಂದರೆ ಕೀಲು, ಸ್ನಾಯುರಜ್ಜು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಹೊರಡುವ ಮೊದಲೇ ಮಂಡಿ ಹಿಡಿದುಕೊಳ್ಳುತ್ತದೆ.

ಮೊದಲ ಮೂರು ವಾರ: ವಾರಕ್ಕೆ ನಾಲ್ಕು ದಿನ, ದಿನಕ್ಕೆ 5 ಕಿ.ಮೀ. ಬಿರುಸು ನಡಿಗೆ. ಬೆವರು ಬರಬೇಕು, ಆದರೆ ಜೊತೆಯವರೊಡನೆ ಒಂದು ಇಡೀ ವಾಕ್ಯ ತಡೆಯಿಲ್ಲದೆ ಆಡುವಂತಿರಬೇಕು. ಈ ಮಾತಾಡುವ ಲೆಕ್ಕವನ್ನು ಮೈಗೆ ಹತ್ತಿಸಿಕೊಳ್ಳಿ, ಹೇಮಕುಂಡದ ದಾರಿಯಲ್ಲಿ ವೇಗದ ಅಳತೆಗೋಲು ಇದೇ.

ನಾಲ್ಕರಿಂದ ಏಳನೇ ವಾರ: ವಾರದಲ್ಲಿ ಎರಡು ದಿನದ ನಡಿಗೆಯ ಬದಲು ಮೆಟ್ಟಿಲು. 30 ನಿಮಿಷದಿಂದ ಶುರು ಮಾಡಿ ಒಂದು ಗಂಟೆಗೆ ಏರಿಸಿ. ಬೆನ್ನಿಗೆ 5 ಕೆ.ಜಿ. ಚೀಲ ಇರಲಿ, ನೀರಿನ ಬಾಟಲಿ ತುಂಬಿದರೆ ಸಾಕು. ವಾರದ ಕೊನೆಗೆ ಒಂದು ಬೆಟ್ಟ. ಚಿಕ್ಕಮಗಳೂರಿನವರು ಕಾರು ಹೋಗುವಲ್ಲಿವರೆಗೂ ಹೋಗಿ ಮೆಟ್ಟಿಲಷ್ಟೇ ಹತ್ತಿ ಬಂದರೆ ಪ್ರಯೋಜನವಿಲ್ಲ. ಸರ್ಪದಾರಿಯ ಬುಡದಿಂದ ಮುಳ್ಳಯ್ಯನಗಿರಿಗೆ ನಡೆದೇ ಹತ್ತಿ, ನಡೆದೇ ಇಳಿಯಿರಿ. ಹಾಸನದವರಿಗೆ ಶ್ರವಣಬೆಳಗೊಳ ಹತ್ತಿರ: ದೊಡ್ಡಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಬೆಳಗಿನ ತಂಪಿನಲ್ಲಿ ಎರಡು ಸಲ, ಆಮೇಲೆ ಮೂರು ಸಲ. ಅದು ಕ್ಷೇತ್ರ, ಬರಿಗಾಲಲ್ಲೇ ಹತ್ತಬೇಕು. ಆದ್ದರಿಂದ ಶೂ ಪಳಗಿಸುವ ಕೆಲಸ ಅಲ್ಲಿ ಆಗದು, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಕ್ಷೇತ್ರಕ್ಕೆ ಬಂದ ಯಾತ್ರಿಕರನ್ನು ದಾಟಿಕೊಂಡು ಓಡಬೇಡಿ.

ಎಂಟು, ಒಂಬತ್ತನೇ ವಾರ: ಒಂದು ದೀರ್ಘ ಪರೀಕ್ಷೆ. ಕುದುರೆಮುಖ ಇದಕ್ಕೆ ಹೇಳಿಮಾಡಿಸಿದ ಬೆಟ್ಟ. ಮುಳ್ಳೋಡಿಯಿಂದ ಹೋಗಿಬರಲು ಸುಮಾರು 20 ಕಿ.ಮೀ., ಎತ್ತರ 1,890 ಮೀಟರಿಗೂ ಸ್ವಲ್ಪ ಹೆಚ್ಚು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು; ಮಳೆ ವಿಪರೀತವಾದರೆ ಚಾರಣ ನಿಲ್ಲಿಸುವುದೂ ಉಂಟು. ಈ ದಿನ ಹಿಮಾಲಯಕ್ಕೆ ಒಯ್ಯುವ ಶೂ, ಚೀಲ, ಮಳೆಬಟ್ಟೆ, ಕಾಲುಚೀಲ ಎಲ್ಲವನ್ನೂ ಹಾಕಿಕೊಂಡೇ ಹೋಗಿ. ಮಲೆನಾಡಿನ ಮಳೆಯಲ್ಲಿ ಒಳಗೆ ನೀರು ಬಿಡದ ರೇನ್‌ಕೋಟ್ ಅಲ್ಲೂ ಬಿಡುವುದಿಲ್ಲ. ಎಲ್ಲಿ ಬೊಬ್ಬೆ ಬರುತ್ತದೆ, ಚೀಲದ ಪಟ್ಟಿ ಎಲ್ಲಿ ಉಜ್ಜುತ್ತದೆ ಎಂಬುದು ಇಲ್ಲೇ ಗೊತ್ತಾಗಬೇಕು. ಉಂಬಳಕ್ಕೆ ಉಪ್ಪು ಇಲ್ಲಿ ಬೇಕು. ಅಲ್ಲಿ ಮರದ ಸಾಲು ದಾಟಿದ ಮೇಲೆ ಆ ಕಾಟವಿಲ್ಲ.

ಹತ್ತನೇ ವಾರ: ಲಘು ನಡಿಗೆ ಅಷ್ಟೇ. ಕೊನೆಯ ವಾರದಲ್ಲಿ ಮೈ ದಣಿಸಿಕೊಂಡು ಹೋಗುವುದು ದೊಡ್ಡ ತಪ್ಪು.

ಇಳಿಯುವ ಅಭ್ಯಾಸವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಳ್ಳುತ್ತಲೇ ಭಾರ ತಡೆಯಬೇಕು. ಆ ಕೆಲಸಕ್ಕೆ ಅಭ್ಯಾಸವಿಲ್ಲದ ತೊಡೆ ಒಂದು ದಿನ ಬಿಟ್ಟು ಕಲ್ಲಾಗುತ್ತದೆ. ಹೇಮಕುಂಡದಿಂದ ಇಳಿದ ಮರುದಿನವೇ, ಗಾಡಿ ಸಿಗುವ ಪುಲ್ನಾಕ್ಕೆ ಇನ್ನೂ 10 ಕಿ.ಮೀ. ಇಳಿಯಬೇಕಲ್ಲ, ಆಗ ನೋವು ಗೊತ್ತಾಗುತ್ತದೆ. ಅಭ್ಯಾಸದ ಬೆಟ್ಟದಲ್ಲಿ ಗಾಡಿ ಕರೆಸಿಕೊಂಡು ಇಳಿಯಬೇಡಿ.

45 ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ಟಿಕೆಟ್ ಮಾಡಿಸುವ ಮೊದಲೇ ವೈದ್ಯರನ್ನು ಕಾಣಬೇಕು. ‘4,300 ಮೀಟರ್ ಎತ್ತರಕ್ಕೆ ಹೋಗುತ್ತೇನೆ’ ಎಂದು ಎತ್ತರದ ಅಂಕಿಯನ್ನೇ ಹೇಳಿ. ಬರೀ ‘ಯಾತ್ರೆಗೆ ಹೋಗುತ್ತೇನೆ’ ಎಂದರೆ ಅವರಿಗೆ ವಿಷಯ ತಿಳಿಯುವುದಿಲ್ಲ.

ಚೀಲದಲ್ಲಿ ಏನಿರಬೇಕು

ಬೆನ್ನ ಮೇಲಿನ ಚೀಲ ನೀರೂ ಸೇರಿ 6 ಕೆ.ಜಿ. ದಾಟಬಾರದು. ಹೇಮಕುಂಡದ ದಿನಕ್ಕೆ 4 ಕೆ.ಜಿ. ಸಾಕು, ಮಿಕ್ಕದ್ದನ್ನು ಘಾಂಘರಿಯಾದ ಕೋಣೆಯಲ್ಲಿ ಬಿಡಿ.

ಶೂ ವಿಷಯದಲ್ಲಿ ಜಿಪುಣತನ ಬೇಡ. ತೋಟದಲ್ಲಿ ಹಾಕುವ ಗಂಬೂಟು ಈ ದಾರಿಗೆ ಆಗದು. ಹಿಮ್ಮಡಿ ಒಳಗೆ ಜಾರಾಡಿ ಎರಡು ಗಂಟೆಯಲ್ಲಿ ಬೊಬ್ಬೆ ಏಳುತ್ತದೆ. ಆಳವಾದ ಗೆರೆಗಳಿರುವ ಅಟ್ಟೆಯ, ಕಣಕಾಲನ್ನು ಹಿಡಿಯುವ ಚಾರಣದ ಶೂ ತೆಗೆದುಕೊಳ್ಳಿ. ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು ಅಳತೆ ನೋಡಿ, ಏಕೆಂದರೆ ದಿನವಿಡೀ ನಡೆದ ಪಾದ ಊದಿರುತ್ತದೆ. ನಿಂತಾಗ ಬೆರಳಿನ ಮುಂದೆ ಅರ್ಧ ಇಂಚು ಜಾಗ ಇರಬೇಕು. ಇಲ್ಲದಿದ್ದರೆ ಇಳಿಯುವಾಗ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಹೊರಡುವ ಮೂರು ದಿನ ಮೊದಲು ಕಾಲಿನ ಉಗುರು ಕತ್ತರಿಸಿ.

ಬಟ್ಟೆ ಪದರ ಪದರವಾಗಿರಲಿ. ಮೈಗೆ ತಾಗುವುದು ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್ ಸ್ವೆಟರ್, ಹೊರಗೆ ಗಾಳಿ ಮಳೆ ತಡೆಯುವ ಜರ್ಕಿನ್. ಹತ್ತಿಯ ಬನಿಯನ್ ಊರಿನಲ್ಲೇ ಬಿಡಿ. ಬೆವರು ಹೀರಿಕೊಂಡು ಒಣಗದೆ ಕೂರುತ್ತದೆ, ಮೇಲೆ ಹೋಗಿ ನಿಂತ ಕ್ಷಣ ಎದೆ ಬೆನ್ನು ತಣ್ಣಗಾಗಿ ನಡುಕ ಹತ್ತಿಸುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಸರೋವರದ ದಡ ಘಾಂಘರಿಯಾಕ್ಕಿಂತ ಎಂಟು ಡಿಗ್ರಿ ತಣ್ಣಗಿರುತ್ತದೆ, ಗಾಳಿ ಬೀಸಿದರೆ ಇನ್ನೂ ಹೆಚ್ಚು ಚಳಿ. ಉಳಿದಂತೆ:

- ಉಣ್ಣೆ ಟೋಪಿ ಅಥವಾ ಮಂಕಿ ಕ್ಯಾಪ್, ಕೈಗವಸು, ತಲೆಗೆ ಕಟ್ಟಲು ಒಂದು ಬಟ್ಟೆ
- ಮೂರು ಜೊತೆ ಕಾಲುಚೀಲ, ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದ್ದೇ ಇರಬೇಕು
- ಚೀಲವನ್ನೂ ಮುಚ್ಚುವಷ್ಟು ಅಗಲದ ಪಾಂಚೋ (ತಲೆಯ ಮೇಲಿಂದ ಹಾಕಿಕೊಳ್ಳುವ ಮಳೆಬಟ್ಟೆ)
- ತಲೆಗೆ ಕಟ್ಟುವ ಟಾರ್ಚ್, ಬದಲಿ ಸೆಲ್
- ಒಂದು ಲೀಟರಿನ ಎರಡು ಬಾಟಲಿ, ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆ
- ಊರುಗೋಲು. ಹೋಗುವ ದಾರಿಯಲ್ಲಿ ಸಿಗುವ ಗೋವಿಂದಘಾಟ್‌ನಲ್ಲಿ ಮರದ ಕೋಲು ಸಿಗುತ್ತದೆ, ಅದೇ ಸಾಕು
- ಕಪ್ಪು ಕನ್ನಡಕ, ಸನ್‌ಸ್ಕ್ರೀನ್. ಎತ್ತರದ ಬಿಸಿಲು ಮೋಡದ ನಡುವೆಯೂ ಚರ್ಮ ಸುಡುತ್ತದೆ
- ಪ್ಯಾರಾಸಿಟಮಾಲ್, ಓಆರ್‌ಎಸ್ 6 ಪೊಟ್ಟಣ, ವಾಂತಿ ಮತ್ತು ಭೇದಿಗೆ ವೈದ್ಯರು ಬರೆದ ಮಾತ್ರೆ, ಬಟ್ಟೆಯ ಪ್ಲಾಸ್ಟರ್, ನಿತ್ಯ ತೆಗೆದುಕೊಳ್ಳುವ ಔಷಧ ಎರಡು ಪಾಲಾಗಿ ಎರಡು ಚೀಲದಲ್ಲಿ

ತಿನ್ನುವುದಕ್ಕೆ ಕಡಲೆಕಾಯಿ ಚಿಕ್ಕಿ, ಅಂಟಿನುಂಡೆ, ಹುರಿಗಡಲೆ, ಕೊಬ್ಬರಿ ಬೆಲ್ಲ. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ. ಅನ್ನ, ರೊಟ್ಟಿ ಬೇಡ ಎನಿಸಿದಾಗಲೂ ಸಿಹಿ ಒಂದು ತುತ್ತು ಇಳಿಯುತ್ತದೆ. ಘಾಂಘರಿಯಾದಲ್ಲಿ ಪರೋಟ, ದಾಲ್, ಅನ್ನ ಸಿಗುತ್ತದೆ. ಜೊತೆಗೆ ಮನೆಯ ಚಟ್ನಿಪುಡಿ ಇದ್ದರೆ ಅನ್ನ ನಾಲ್ಕು ತುತ್ತು ಹೆಚ್ಚು ಸೇರುತ್ತದೆ.

ನಮ್ಮ ಕಡೆಯವರಿಗೇ ವಿಶೇಷವಾಗಿ ಹೇಳಬೇಕಾದ ಮಾತು ಕಾಫಿಯದು. ದಿನಕ್ಕೆ ಮೂರು ನಾಲ್ಕು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ತಲೆನೋವು, ಮಂಕು, ಸುಸ್ತು ಬರುತ್ತದೆ. ಅದು ಸರಿಯಾಗಿ ಘಾಂಘರಿಯಾ ತಲುಪುವ ಹೊತ್ತಿಗೆ ಕಾಣಿಸಿಕೊಂಡರೆ ಎತ್ತರದ ತಲೆನೋವೋ ಕಾಫಿ ತಪ್ಪಿದ ತಲೆನೋವೋ ಗೊತ್ತಾಗದೆ ಗಾಬರಿಯಾಗುತ್ತದೆ. ಅಲ್ಲಿ ಸಿಗುವುದೆಲ್ಲ ಚಹಾ. ಆದ್ದರಿಂದ ಕಾಫಿಪುಡಿಯ ಸಣ್ಣ ಪೊಟ್ಟಣಗಳನ್ನು ಒಯ್ದು ಎಂದಿನ ಲೆಕ್ಕಕ್ಕೆ ಹತ್ತಿರವಾಗಿ ಕುಡಿಯಿರಿ, ಇಲ್ಲವೇ ಊರಿನಲ್ಲೇ ಎರಡು ವಾರದಿಂದ ಒಂದೊಂದೇ ಲೋಟ ಕಡಿಮೆ ಮಾಡಿ.

ಹೊಗೆಸೊಪ್ಪು, ಬೀಡಿ ಸಿಗರೇಟು, ಹೆಂಡ ಯಾವುದೂ ಜೊತೆಗೆ ಬೇಡ. ಗುರುದ್ವಾರದ ನಿಯಮವೂ ಅದೇ, ನಿಮ್ಮ ಶ್ವಾಸಕೋಶದ ಬೇಡಿಕೆಯೂ ಅದೇ.

ಕಾಗದಪತ್ರ ಮತ್ತು ಪ್ರಯಾಣ

ಉತ್ತರಾಖಂಡ ಪ್ರವಾಸೋದ್ಯಮ ಇಲಾಖೆಯ ಯಾತ್ರಾ ನೋಂದಣಿಯಲ್ಲಿ ಚಾರ್‌ಧಾಮ್‌ ಜೊತೆ ಹೇಮಕುಂಡ ಸಾಹಿಬ್ ಹೆಸರೂ ಇದೆ. ಆಧಾರ್ ಹಿಡಿದು ಮೊದಲೇ ನೋಂದಾಯಿಸಿ, ಮುದ್ರಿಸಿದ ಪ್ರತಿ ಇಟ್ಟುಕೊಳ್ಳಿ. ಘಾಂಘರಿಯಾ ಪಕ್ಕದ ಹೂಗಳ ಕಣಿವೆಗೆ ಅರಣ್ಯ ಇಲಾಖೆಯ ಪ್ರತ್ಯೇಕ ಪ್ರವೇಶ ಚೀಟಿ ಬೇಕು. ನಗದನ್ನು ಜೋಶಿಮಠದಲ್ಲೇ ತೆಗೆದಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಮೊಬೈಲ್ ಸಿಗ್ನಲ್ ನಂಬಿ ಯುಪಿಐ ಮೇಲೆ ಕೂರಬಾರದು. ಮನೆಯವರಿಗೆ ‘ಮೂರು ದಿನ ಫೋನ್ ಸಿಗದಿರಬಹುದು’ ಎಂದು ಹೇಳಿಯೇ ಹೊರಡಿ.

ಚಿಕ್ಕಮಗಳೂರು ಅಥವಾ ಹಾಸನದಿಂದ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಡೆಹ್ರಾಡೂನ್ ಅಥವಾ ದೆಹಲಿ, ಮುಂದೆ ಹೃಷಿಕೇಶ. ಹೃಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಚಾರ್ಮಾಡಿ ಘಾಟಿಯ ಲೆಕ್ಕ ಹಾಕಬೇಡಿ. ಬೆಳಿಗ್ಗೆ ಐದಕ್ಕೆ ಹೊರಟರೂ ಹತ್ತು ಗಂಟೆ ಹಿಡಿಯುತ್ತದೆ, ದಾರಿ ಕುಸಿದಿದ್ದರೆ ಎಷ್ಟೆಂದು ಹೇಳಲಾಗದು. ರಾತ್ರಿ ಹೊತ್ತು ಗುಡ್ಡದ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ, ಆದ್ದರಿಂದ ತಡವಾಗಿ ಹೊರಟು ರಾತ್ರಿ ಮುಟ್ಟುವ ಯೋಚನೆ ಬೇಡ. ದೇವಪ್ರಯಾಗದಲ್ಲಿ ಭಾಗೀರಥಿ, ಅಲಕನಂದಾ ಕೂಡಿ ಗಂಗೆಯಾಗುವುದನ್ನು ನಿಂತು ನೋಡಿ. ಅಲ್ಲಿಂದ ಮೇಲೆ ರಸ್ತೆ ಅಲಕನಂದೆಯ ಜೊತೆಗೇ ಸಾಗುತ್ತದೆ. ಜೋಶಿಮಠ ಸುಮಾರು 1,890 ಮೀಟರ್, ಕುದುರೆಮುಖದ ತುದಿಯಷ್ಟೇ ಎತ್ತರ. ಅಲ್ಲಿ ಒಂದು ರಾತ್ರಿ ಮಲಗಿಯೇ ಮುಂದೆ ಹೋಗಿ.

ಪುಲ್ನಾದಿಂದ ಘಾಂಘರಿಯಾ

ಜೋಶಿಮಠದಿಂದ ಗೋವಿಂದಘಾಟ್‌ಗೆ ಸುಮಾರು 20 ಕಿ.ಮೀ. ಅಲ್ಲಿಂದ ಹಂಚಿಕೆಯ ಜೀಪಿನಲ್ಲಿ 4 ಕಿ.ಮೀ. ದೂರದ ಪುಲ್ನಾಕ್ಕೆ ಹೋಗಬೇಕು. ಗಾಡಿ ಹೋಗುವುದು ಅಲ್ಲಿವರೆಗೆ. ಬೆಳಿಗ್ಗೆ ಎಂಟರೊಳಗೆ ಪುಲ್ನಾದಿಂದ ನಡಿಗೆ ಶುರುವಾಗಬೇಕು. ಘಾಂಘರಿಯಾಕ್ಕೆ ಸುಮಾರು 10 ಕಿ.ಮೀ., ಐದಾರು ಗಂಟೆಯ ದಾರಿ.

ಭ್ಯುಂಡಾರ್ ಹಳ್ಳಿಯವರೆಗೆ ಏರು ಹಿತವಾಗಿದೆ, ಲಕ್ಷ್ಮಣ ಗಂಗಾ ನದಿ ಪಕ್ಕದಲ್ಲೇ ಹರಿಯುತ್ತದೆ. ಹಳ್ಳಿ ದಾಟಿ ಸೇತುವೆ ಹಾಯ್ದ ಮೇಲೆ ದಾರಿ ಕಡಿದಾಗುತ್ತದೆ. 2013ರ ಜೂನ್ ಪ್ರವಾಹ ಹಳೆಯ ಹಾದಿಯನ್ನು ಕೊಚ್ಚಿದ ಮೇಲೆ ಮಾಡಿದ ದಾರಿ ಇದು. ಈ ಕೊನೆಯ ಮೂರ್ನಾಲ್ಕು ಕಿಲೋಮೀಟರಿನಲ್ಲಿ ದಿನದ ಏರಿಕೆಯ ಹೆಚ್ಚಿನ ಪಾಲು ಸೇರಿಕೊಂಡಿದೆ, ಮೊದಲರ್ಧದಲ್ಲಿ ಓಡಿದವರು ಇಲ್ಲಿ ಕೂತುಬಿಡುತ್ತಾರೆ. ಶಕ್ತಿ ಉಳಿಸಿಕೊಂಡು ಬನ್ನಿ.

ಕುದುರೆಗಳು ಬಂದಾಗ ಗುಡ್ಡದ ಕಡೆಗೆ ಸರಿದು ನಿಲ್ಲಿ, ಕಣಿವೆಯ ಕಡೆಗೆ ಯಾವತ್ತೂ ನಿಲ್ಲಬೇಡಿ. ಹೊರೆ ತಾಗಿದರೆ ಬೀಳುವುದು ಹೊಳೆಯ ಕಡೆಗೇ.

ಕುದುರೆ ಅಥವಾ ಹೆಲಿಕಾಪ್ಟರ್ ಹತ್ತುವವರಿಗೆ ಒಂದು ಎಚ್ಚರಿಕೆ. ಮಂಡಿ ಉಳಿಯುತ್ತದೆ, ಎತ್ತರ ಮಾತ್ರ ಬಿಡುವುದಿಲ್ಲ. ನಡೆದು ಹೋದವರಿಗಿಂತ ಬೇಗ ಮೇಲೆ ಮುಟ್ಟುವುದರಿಂದ ಮೈಗೆ ಒಗ್ಗಲು ಸಿಗುವ ಹೊತ್ತು ಇನ್ನೂ ಕಡಿಮೆ. ಅವರಿಗೇ ಮರುದಿನದ ವಿರಾಮ ಹೆಚ್ಚು ಅಗತ್ಯ.

ಮರುದಿನವೇ ಹೇಮಕುಂಡಕ್ಕೆ ಹೊರಡಬೇಡಿ

ಈ ಲೇಖನದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಪ್ರವಾಸದ ಪ್ಯಾಕೇಜುಗಳಲ್ಲಿ ಮೊದಲು ಹೇಮಕುಂಡ, ಆಮೇಲೆ ಹೂಗಳ ಕಣಿವೆ ಎಂದು ಇರುವುದುಂಟು. ಅದನ್ನು ತಿರುಗಿಸಿ. ಒಂದು ದಿನ 1,890ರಿಂದ 3,050, ಮರುದಿನವೇ 4,300 ಮೀಟರ್ ಎಂದರೆ ಹೊಸ ಮೈ ತಡೆಯುವುದು ಕಷ್ಟ. ನಡುವಿನ ದಿನ ಹೂಗಳ ಕಣಿವೆಗೆ ಹೋಗಿ. ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿ 2005ರಿಂದ ಇರುವ ಈ ಕಣಿವೆ ಸುಮಾರು 3,500 ಮೀಟರಿನವರೆಗೆ ಕರೆದೊಯ್ದು ಮತ್ತೆ ಘಾಂಘರಿಯಾಕ್ಕೆ ಇಳಿಸುತ್ತದೆ. ಮೇಲೆ ಹತ್ತಿ ಕೆಳಗೆ ಮಲಗುವುದೇ ಒಗ್ಗಿಕೊಳ್ಳುವ ಸರಿಯಾದ ಕ್ರಮ. ಕಣಿವೆಯಲ್ಲಿ ತಂಗಲು ಬಿಡುವುದಿಲ್ಲ, ಮಧ್ಯಾಹ್ನದ ಮೇಲೆ ಒಳಗೆ ಬಿಡುವುದೂ ಇಲ್ಲ. ಬೆಳಿಗ್ಗೆ ಏಳರ ಸುಮಾರಿಗೆ ಬಾಗಿಲಲ್ಲಿ ಇರಿ. ತೀರಾ ಒಳಗೆ ಹೋಗಿ ದಣಿಯಬೇಡಿ. ನಾಳೆಗೆ ಕಾಲು ಬೇಕು.

ಆ ದಿನ ಮೂರರಿಂದ ನಾಲ್ಕು ಲೀಟರ್ ನೀರು ಹೋಗಬೇಕು. ಮೂತ್ರ ತಿಳಿಯಾಗಿದ್ದರೆ ಸಾಲುತ್ತಿದೆ ಎಂದರ್ಥ, ಗಾಢ ಹಳದಿಯಾದರೆ ಇನ್ನೂ ಕುಡಿಯಿರಿ.

ಎತ್ತರದ ಕಾಯಿಲೆ

ತಲೆನೋವು ಬಂತು, ಜೊತೆಗೆ ವಾಕರಿಕೆ, ತಲೆಸುತ್ತು ಅಥವಾ ವಿಪರೀತ ಸುಸ್ತು ಇದೆ ಎಂದರೆ ಬೇರೆ ಕಾರಣ ಗೊತ್ತಾಗುವವರೆಗೆ ಅದು ಎತ್ತರದ ಕಾಯಿಲೆ ಎಂದೇ ತಿಳಿಯಿರಿ. ಅಲ್ಲೇ ನಿಲ್ಲಿ, ನೀರು ಕುಡಿಯಿರಿ, ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಮಲಗಿ. ಬೆಳಿಗ್ಗೆಗೆ ಪೂರ್ತಿ ಹೋದರೆ ಮುಂದುವರಿಯಬಹುದು. ಉಳಿದಿದ್ದರೆ ಮೇಲೆ ಹೋಗುವಂತಿಲ್ಲ, ಹೆಚ್ಚಾದರೆ ಕೆಳಗೆ ಇಳಿಯಲೇಬೇಕು.

ಎರಡು ಅಪಾಯದ ಲಕ್ಷಣಗಳಲ್ಲಿ ಒಂದು ನಿಮಿಷವೂ ಕಾಯಬಾರದು. ಒಂದು, ಸುಮ್ಮನೆ ಕೂತಾಗಲೂ ಏದುಸಿರು, ಎದೆಯಲ್ಲಿ ಗೊರಗೊರ, ನೊರೆ ಅಥವಾ ಗುಲಾಬಿ ಬಣ್ಣದ ಕಫದ ಕೆಮ್ಮು: ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಎರಡು, ಮಾತು ತೊದಲು, ಗೊಂದಲ, ಓಲಾಡುವ ನಡಿಗೆ: ಮಿದುಳು ಊದುತ್ತಿದೆ. ಅನುಮಾನ ಇದ್ದರೆ ನೆಲದ ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ. ತಪ್ಪಿದರೆ ರಾತ್ರಿಯಾದರೂ ಸರಿ, ಮಳೆಯಾದರೂ ಸರಿ, ಜೊತೆಗೆ ಜನ ಕೊಟ್ಟು ಕೆಳಕ್ಕೆ ಕಳಿಸಬೇಕು. ಯಾತ್ರೆಯ ಕಾಲದಲ್ಲಿ ಘಾಂಘರಿಯಾದಲ್ಲಿ ವೈದ್ಯಕೀಯ ನೆರವು ಇರುತ್ತದೆ, ತಕ್ಷಣ ಕೇಳಿ.

ಮುಂಜಾಗ್ರತೆಗೆ ಅಸೆಟಜೋಲಮೈಡ್ ಮಾತ್ರೆ ಉಂಟು, ಡಯಾಮಾಕ್ಸ್ ಎಂಬ ಹೆಸರಲ್ಲಿ ಸಿಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ಬೆಳಿಗ್ಗೆ, ರಾತ್ರಿ. ಏರುವ ಹಿಂದಿನ ದಿನವೇ ಶುರು. ಸಲ್ಫಾ ಔಷಧ ಆಗದವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಮಾತಿಲ್ಲದೆ ಮುಟ್ಟಬಾರದು. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಇದರ ಗುಣ, ಹೆದರಬೇಕಿಲ್ಲ. ಮಾತ್ರೆ ತಿಂದೆ ಎಂದು ನಡುವಿನ ದಿನ ಬಿಟ್ಟು ಓಡುವಂತಿಲ್ಲ.

ಕರ್ಪೂರ ಮೂಸುವುದನ್ನು ಬಹಳ ಜನ ನಂಬುತ್ತಾರೆ. ಮೂಗು ತೆರೆದಂತೆ ಅನಿಸುತ್ತದೆ, ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಅಂಗಡಿಯ ಸಣ್ಣ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷ ಬರುತ್ತದೆ, ಕೆಳಗಿಳಿಯುವುದಕ್ಕೆ ಅದು ಬದಲಿಯಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಅಂಕಿ 90ಕ್ಕಿಂತ ಕೆಳಗೆ ಬರುವುದು ಈ ಎತ್ತರದಲ್ಲಿ ಮಾಮೂಲು. ಅಂಕಿಗಿಂತ ಮನುಷ್ಯನನ್ನು ನೋಡಿ.

ಸರೋವರದ ದಿನ

ಬೆಳಿಗ್ಗೆ ನಾಲ್ಕಕ್ಕೆ ಏಳಿ. ಬಿಸಿನೀರು, ಎರಡು ಬಿಸ್ಕತ್ತು ಅಥವಾ ಒಂದು ಪರೋಟ. ಐದಕ್ಕೆ ಟಾರ್ಚ್ ಹಿಡಿದು ದಾರಿಯಲ್ಲಿರಬೇಕು. ಇಷ್ಟು ಬೇಗ ಏಕೆಂದರೆ ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೂ ಹನ್ನೊಂದರ ಹೊತ್ತಿಗೆ ಕಣಿವೆಯಿಂದ ಮೋಡ ಏರಿ ಸರೋವರವನ್ನು ಮುಚ್ಚುತ್ತದೆ, ಮಧ್ಯಾಹ್ನದ ಮೇಲೆ ಮಳೆ. ಮೇಲೆ ರಾತ್ರಿ ತಂಗಲು ಯಾರಿಗೂ ಅವಕಾಶವಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲರನ್ನೂ ಕೆಳಕ್ಕೆ ಕಳಿಸುತ್ತಾರೆ.

ಊರು ದಾಟಿದ ಸ್ವಲ್ಪದರಲ್ಲೇ ದಾರಿ ಕವಲೊಡೆಯುತ್ತದೆ: ಎಡಕ್ಕೆ ಹೂಗಳ ಕಣಿವೆ, ಬಲಕ್ಕೆ ಹೇಮಕುಂಡ. ಅಲ್ಲಿಂದ ತಿರುವಿನ ಮೇಲೆ ತಿರುವು, ಒಂದೇ ಸಮನೆ ಏರು. ಗಂಟೆಗೆ 250 ಮೀಟರ್ ಎತ್ತರ ಏರಿದರೆ ಸಾಕು, ಐದು ಗಂಟೆಯಲ್ಲಿ ಮುಟ್ಟುತ್ತೀರಿ. ಪ್ರತಿ ಹೆಜ್ಜೆಗೂ ಹಿಂದಿನ ಮಂಡಿ ನೇರವಾಗಿಸಿ ಕ್ಷಣ ನಿಲ್ಲಿ. ಭಾರ ಮೂಳೆಯ ಮೇಲೆ ಕೂತು ತೊಡೆಗೆ ವಿಶ್ರಾಂತಿ ಸಿಗುತ್ತದೆ. ಐವತ್ತು ನಿಮಿಷ ನಡೆದು ಐದು ನಿಮಿಷ ನಿಲ್ಲಿ. ಹದಿನೈದು ನಿಮಿಷ ಕೂತರೆ ಬೆವರು ಆರಿ ಚಳಿ ಹಿಡಿಯುತ್ತದೆ, ಎದ್ದಾಗ ಕಾಲು ಮರಗಟ್ಟಿರುತ್ತದೆ. ಗುಂಪಿನಲ್ಲಿ ಅತಿ ನಿಧಾನದವರು ಮುಂದೆ ನಡೆಯಲಿ. ಹುಡುಗರು ಮುಂದೆ ಓಡಿ, ಹಿಂದಿನವರು ಅವರನ್ನು ಹಿಡಿಯಲು ಏದುಸಿರು ಬಿಡುವುದು ನಮ್ಮ ಗುಂಪುಗಳ ಹಳೆಯ ಚಾಳಿ. ಈ ಎತ್ತರದಲ್ಲಿ ಅದು ಅಪಾಯ.

ಮರಗಳು ಮುಗಿದು ಗಿಡ, ಹುಲ್ಲು, ಬಂಡೆ ಶುರುವಾಗುತ್ತವೆ. ಕೊನೆಯ ಭಾಗದಲ್ಲಿ ಎರಡು ದಾರಿ: ನೇರ ಮೆಟ್ಟಿಲು, ಇಲ್ಲವೇ ಸುತ್ತಿ ಹೋಗುವ ಕುದುರೆ ದಾರಿ. ಮೆಟ್ಟಿಲು ಸಾವಿರ ದಾಟುತ್ತದೆ, ಎತ್ತರ ಎತ್ತರವಾಗಿದೆ. ದೂರ ಕಡಿಮೆ ಎಂದು ಆಸೆ ಹುಟ್ಟುತ್ತದೆ, ಆದರೆ ಆ ಹೊತ್ತಿಗೆ 4,000 ಮೀಟರ್ ಮೇಲಿರುತ್ತೀರಿ. ಹೋಗುವಾಗ ಸುತ್ತುದಾರಿಯನ್ನೇ ಹಿಡಿಯಿರಿ. ಬಂಡೆಯ ಸಂದುಗಳಲ್ಲಿ ಬ್ರಹ್ಮಕಮಲ ಕಾಣುವುದು ಇಲ್ಲೇ. ಅದು ಉತ್ತರಾಖಂಡದ ರಾಜ್ಯಪುಷ್ಪ, ಕೀಳಬೇಡಿ.

ಹತ್ತೂವರೆಗೆ ಇನ್ನೂ ಅರ್ಧ ದಾರಿಯಲ್ಲೇ ಇದ್ದರೆ ಅಂದು ಹಿಂದಿರುಗಿ. ನಾಳೆ ಮತ್ತೊಮ್ಮೆ ನೋಡಬಹುದು. ಒಂದು ದಿನ ಹೆಚ್ಚಾಗಿ ಇಟ್ಟುಕೊಳ್ಳಬೇಕೆನ್ನುವುದು ಇದಕ್ಕೇ.

ದಡದಲ್ಲಿ

ಸುತ್ತ ಏಳು ಶಿಖರ, ನಡುವೆ ಬಟ್ಟಲಿನಂಥ ಕುಳಿ. ಬಹಳ ಹಿಂದೆ ಇಲ್ಲಿ ಕೂತಿದ್ದ ಹಿಮನದಿ ತನ್ನ ಭಾರದಿಂದ, ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲುಗಳಿಂದ ಬೆಟ್ಟದ ಮೈಯನ್ನು ಕೊರೆದು ಈ ಕುಳಿ ಮಾಡಿತು. ಹಿಮ ಕರಗಿ ಹಿಂದೆ ಸರಿದ ಮೇಲೆ ನೀರು ನಿಂತಿತು. ಅದೇ ನೀರು ಹೊರಹರಿದು ಘಾಂಘರಿಯಾ ಬಳಿ ಪುಷ್ಪಾವತಿ ಹೊಳೆಯನ್ನು ಕೂಡಿ, ಲಕ್ಷ್ಮಣ ಗಂಗಾ ಆಗಿ ನೀವು ನಡೆದು ಬಂದ ದಾರಿಯುದ್ದಕ್ಕೂ ಹರಿದು ಗೋವಿಂದಘಾಟ್‌ನಲ್ಲಿ ಅಲಕನಂದೆ ಸೇರುತ್ತದೆ.

ಗುರುದ್ವಾರಕ್ಕೆ ಹೋಗುವಾಗ ತಲೆ ಮುಚ್ಚಿ, ಶೂ ಬಿಟ್ಟು, ಒಣ ಕಾಲುಚೀಲ ಬದಲಿಸಿಕೊಳ್ಳಿ. ಒದ್ದೆ ಕಾಲುಚೀಲದಲ್ಲಿ ಆ ನೆಲದ ಮೇಲೆ ನಿಂತರೆ ಪಾದ ಜೋಮು ಹಿಡಿಯುತ್ತದೆ. ಗುರುದ್ವಾರದ ಊಟದ ಸಾಲೆಯಾದ ಲಂಗರಿನಲ್ಲಿ ಬಿಸಿ ಚಹಾ, ಖಿಚಡಿ ಕೊಡುತ್ತಾರೆ. ಈ ಎತ್ತರಕ್ಕೆ ಅಕ್ಕಿ ಬೇಳೆ ಹೊತ್ತು ತಂದು, ಬಂದವರಿಗೆಲ್ಲ ಬಡಿಸುವ ಸೇವೆ ಅದು. ತಟ್ಟೆಯಲ್ಲಿ ಬಿಡದೆ ಉಣ್ಣಿ, ಸಾಧ್ಯವಾದರೆ ಕೈಯಿಂದಾದ ಕೆಲಸ ಮಾಡಿಕೊಡಿ.

ಯಾತ್ರಿಕರು ಸರೋವರದಲ್ಲಿ ಸ್ನಾನ ಮಾಡುತ್ತಾರೆ. ಮಾಡಲೇಬೇಕೆನಿಸಿದರೆ ಮೈ ಬೆವರು ಆರಿದ ಮೇಲೆ, ಅಂಚಿನಲ್ಲೇ ನಿಂತು, ಒಂದೆರಡು ಮುಳುಗು. ಧುಮುಕುವುದು, ಈಜುವುದು ಖಂಡಿತ ಬೇಡ. ಹಿಮದ ನೀರು ತಾಗಿದ ಕೂಡಲೇ ಉಸಿರು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಹೃದಯದ ಬಡಿತ ಏರುತ್ತದೆ. ಹೃದಯ, ಬಿ.ಪಿ. ತೊಂದರೆ ಇರುವವರು ನೀರು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು. ಸೋಪು, ಶಾಂಪೂ ಈ ನೀರಿಗೆ ಬೇಡ. ಚಿಕ್ಕಿಯ ಕಾಗದ, ಬಾಟಲಿ ಎಲ್ಲ ನಿಮ್ಮ ಚೀಲದಲ್ಲೇ ಕೆಳಗೆ ಬರಬೇಕು. ಅಲ್ಲಿನ ಚಳಿಗೆ ಕಸ ಬೇಗ ಕೊಳೆಯುವುದಿಲ್ಲ.

ಒಂದು ಒಂದೂವರೆ ಗಂಟೆಗಿಂತ ಹೆಚ್ಚು ಇರಬೇಡಿ. ಹನ್ನೆರಡಕ್ಕೆ ಇಳಿಯಲು ಶುರು ಮಾಡಿ.

ಇಳಿಯುವುದು ಮತ್ತು ವಾಪಸು

ಇಳಿಯುವ ಮುನ್ನ ಶೂ ಲೇಸ್ ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ, ಬೆರಳು ಮುಂದಕ್ಕೆ ಜಾರಬಾರದು. ಕೋಲನ್ನು ಉದ್ದ ಹಿಡಿದು ಕೆಳಗಿನ ಮೆಟ್ಟಿಲಿಗೆ ಮೊದಲು ಊರಿ, ಆಮೇಲೆ ಕಾಲು. ಹೆಜ್ಜೆ ಚಿಕ್ಕದಿರಲಿ. ಕಾಲುಜಾರಿ ಉಳುಕಿಸಿಕೊಳ್ಳುವುದೆಲ್ಲ ಹೆಚ್ಚಾಗಿ ಈ ಮೂರು ಗಂಟೆಯಲ್ಲೇ. ಮುಗಿಯಿತು ಎಂಬ ಸಮಾಧಾನ, ಒದ್ದೆ ಕಲ್ಲು, ಕುದುರೆಯ ಲದ್ದಿ ಮೂರೂ ಸೇರುತ್ತವೆ. ಹಿಮ್ಮಡಿಯಲ್ಲಿ ಬಿಸಿ ತಾಗಿದಂತಾದರೆ ಆಗಲೇ ಕೂತು ಪ್ಲಾಸ್ಟರ್ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿ ಪ್ರಯೋಜನವಿಲ್ಲ.

ಆ ರಾತ್ರಿ ಘಾಂಘರಿಯಾದಲ್ಲೇ ಉಳಿಯಿರಿ. ಅದೇ ದಿನ ಪುಲ್ನಾಕ್ಕೆ ಇಳಿದುಬಿಡೋಣ ಎಂದರೆ ಕತ್ತಲಾಗುತ್ತದೆ, ತೊಡೆ ಸೋತಿರುತ್ತದೆ. ಮರುದಿನ ಬೆಳಿಗ್ಗೆ ಇಳಿದರೆ ಮಧ್ಯಾಹ್ನಕ್ಕೆ ಗೋವಿಂದಘಾಟ್. ಮೈಯಲ್ಲಿ ಕಸುವಿದ್ದರೆ ಅಲ್ಲಿಂದ 25 ಕಿ.ಮೀ. ದೂರದ ಬದರಿನಾಥಕ್ಕೂ ಹೋಗಬಹುದು, ಯಾತ್ರಾ ನೋಂದಣಿಯಲ್ಲಿ ಅದನ್ನೂ ಮೊದಲೇ ಸೇರಿಸಿರಬೇಕು.

ಒಟ್ಟು ಲೆಕ್ಕ ಹೀಗೆ: ಊರಿನಿಂದ ಹೃಷಿಕೇಶಕ್ಕೆ ಎರಡು ದಿನ, ಜೋಶಿಮಠಕ್ಕೆ ಒಂದು, ಘಾಂಘರಿಯಾಕ್ಕೆ ಒಂದು, ಹೂಗಳ ಕಣಿವೆ ಒಂದು, ಹೇಮಕುಂಡ ಒಂದು, ಜೋಶಿಮಠಕ್ಕೆ ವಾಪಸು ಒಂದು, ಹೃಷಿಕೇಶಕ್ಕೆ ಒಂದು, ಅಲ್ಲಿಂದ ಊರಿಗೆ ಎರಡು. ಇದರ ಮೇಲೆ ಎರಡು ದಿನ ಖಾಲಿ ಬಿಡಿ: ಒಂದು ಘಾಂಘರಿಯಾದ ಮಳೆಗೆ ಅಥವಾ ತಲೆನೋವಿಗೆ, ಇನ್ನೊಂದು ಕುಸಿದ ರಸ್ತೆಗೆ. ಹಿಂದಿರುಗುವ ವಿಮಾನವನ್ನು ಹೃಷಿಕೇಶ ತಲುಪುವ ದಿನಕ್ಕೇ ಕಾಯ್ದಿರಿಸಬೇಡಿ, ಮಾರನೆಯ ದಿನದ ಮಧ್ಯಾಹ್ನದ ನಂತರದ್ದೇ ನೋಡಿ.